ಕರೆವ್ವನ ಹೂಂ

ನಮ್ಮ ಕಡೆ ಯಾರಾದರೂ ಮಾತಾಡುತ್ತಿದ್ದರೆ ಎದುರಿನವರು ಹೂಂಗುಡಬೇಕು. ಸುಮ್ಮನೆ ಕೂತು ಕೇಳಿದರೆ ನಡೆಯದು. ‘ಏನಪಾ, ಗ್ವಾಡಿ ಮುಂದ ಮಾತಾಡಾಕತ್ತೀನೇನು?’ ಎಂದು ಬೈಸಿಕೊಳ್ಳಬೇಕಾಗುತ್ತದೆ. ಕಥೆ ಹೇಳುವ ಅಜ್ಜಿಗೂ ಹೂಂ ಬೇಕು, ಎಮ್ಮೆ ಮಾರಲು ಬಂದವನಿಗೂ ಹೂಂ ಬೇಕು. ಈ ಹೂಂ ಎಂಬ ಚಟವೇ ಚಿಕ್ಕನರಗುಂದದ ಕರೆವ್ವನನ್ನು ಒಂದು ದಿನ ಮುಳುಗಿಸಲು ನೋಡಿತು. ಅದನ್ನೇ ಹೇಳುತ್ತೇನೆ. ನೀವು ಬೇಕಾದರೆ ಹೂಂಗುಡಿ, ಬೇಡವಾದರೆ ಬಿಡಿ.

ಕರೆವ್ವ ಎಂದರೆ ಒಂದು ಕಾಲಕ್ಕೆ ಪದದ ಕರೆವ್ವ. ಊರಲ್ಲಿ ಯಾರ ಕೂಸಿಗೆ ಹೆಸರಿಡುವುದಿದ್ದರೂ ತೊಟ್ಟಿಲ ಪದ ಹಾಡಲು ಅವಳೇ ಬರಬೇಕಿತ್ತು. ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂರುವರು. ಕರೆವ್ವನ ಸಾಲು ಒಂದು ನುಡಿ ಎತ್ತಿದರೆ ಎದುರು ಸಾಲು ಅದನ್ನೇ ತಿರುಗಿ ಹಾಡುವುದು. ಅವಳ ಗಂಟಲು ಅಂಥದು, ಕಾಲುವೆಯ ಆಚೆ ಕಳೆ ತೆಗೆಯುವವರು ಕೂಡ ಸೊಂಟ ನೆಟ್ಟಗೆ ಮಾಡಿ ನಿಂತು ಕೇಳುತ್ತಿದ್ದರು. ಆಮೇಲೆ ಒಂದು ವರ್ಷ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಎರಡೂ ಹೋದವು. ಗಂಡ ಹಾಲಸಿದ್ದಪ್ಪ ಬಾಯಿ ತೆರೆದರೆ ಮೀನು ಬಾಯಿ ತೆರೆದಂತೆ ಕಾಣುತ್ತಿತ್ತು, ಅಷ್ಟೇ.

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಕಿವಿಯ ಒಳಗೆ ತಂತಿ ಕೂರಿಸಿದರು. ಹೊರಗೆ ಕಿವಿಯ ಹಿಂದೆ ಒಂದು ಮಷಿನ್, ಅದರಿಂದ ಹೊರಟ ವಾಯರಿನ ತುದಿಗೆ ಒಂದು ದುಂಡನೆಯ ಬಿಲ್ಲೆ. ಒಳಗಿನ ಅಯಸ್ಕಾಂತಕ್ಕೆ ಆ ಬಿಲ್ಲೆ ಕೂದಲ ಮೇಲಿಂದಲೇ ತಲೆಗೆ ಅಂಟಿಕೊಳ್ಳುತ್ತದೆ. ಮಷಿನ್ ಚಾಲೂ ಮಾಡಿದ ದಿನ ಕರೆವ್ವ ಅತ್ತಳು, ಸಂತೋಷಕ್ಕಲ್ಲ. ಗಂಡನ ಧ್ವನಿ ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂತೆ ಕೇಳಿತ್ತು. ತಿಂಗಳುಗಳು ಕಳೆದಂತೆ ಆ ಹರಳುಗಳು ಮಾತಾದವು. ಎದುರಿಗೆ ಕೂತು ತುಟಿ ಕಾಣುವಂತೆ ಮಾತಾಡಿದರೆ ಈಗ ಅವಳಿಗೆ ಎಲ್ಲ ತಿಳಿಯುತ್ತದೆ. ಹಾಡು ಮಾತ್ರ ಹಾಡಾಗಲಿಲ್ಲ. ತಾಳ ಬಂತು, ರಾಗ ಬರಲಿಲ್ಲ. ಹಲಗೆಯ ಪೆಟ್ಟು, ಒನಕೆಯ ಏಟು, ಚಪ್ಪಾಳೆ ನೆಟ್ಟಗೆ ಬಂದು ತಲೆಯಲ್ಲಿ ಕೂರುತ್ತಿದ್ದವು. ಧ್ವನಿಯ ಏರಿಳಿತ ಮಾತ್ರ ಒಂದೇ ಸಮನೆ ಕೊರ್ ಎನ್ನುತ್ತಿತ್ತು.

ಇನ್ನು ಫೋನು! ಅದಕ್ಕೆ ತುಟಿಯೇ ಇಲ್ಲವಲ್ಲ. ಅದು ಬಾರಿಸಿದರೆ ಸಾಕು, ಕರೆವ್ವ ಸೆರಗು ಎಳೆದುಕೊಂಡು ಹಿತ್ತಲಿಗೆ ನಡೆದುಬಿಡುತ್ತಿದ್ದಳು, ದನಕ್ಕೆ ಮೇವು ಹಾಕುವ ನೆಪ ಹೇಳಿ.

ಹೀಗಿರುವಾಗ ಮಗಳು ಪುಷ್ಪಾವತಿ ಗಂಡನ ಊರು ಗಜೇಂದ್ರಗಡದಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದವಳೇ ಅವ್ವನ ಬೆನ್ನು ಹತ್ತಿದಳು.

“ಯವ್ವಾ, ನನ್ನ ಕೂಸಿನ ತೊಟ್ಟಿಲಕ್ಕ ನೀನ ಪದಾ ಹಾಡಬೇಕು ನೋಡು. ಬ್ಯಾರೇದವ್ರು ಹಾಡೂದಾದ್ರ ನಾ ತೊಟ್ಟಿಲಾನ ಕಟ್ಟಂಗಿಲ್ಲ.”

“ಹುಚ್ಚಿ, ನನ್ನ ಧ್ವನಿ ನನಗ ತಗಡ ಬಡದಂಗ ಕೇಳತೈತಿ. ಮಂದಿ ನಗತಾರ.”

“ನಗಲಿ ಬಿಡ ಬೇ. ನಕ್ಕವರ ಹಲ್ಲ ಕಾಣತಾವ.”

ಪುಷ್ಪಾ ಒಂದು ಉಪಾಯ ತೆಗೆದಳು. ಅಪ್ಪನ ಫೋನು ಹಿಡಿದು ತಾನು ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲುವುದು, ತನ್ನ ಫೋನನ್ನು ಅವ್ವನಿಗೆ ಕೊಟ್ಟು ಅಡುಗೆಮನೆಯಲ್ಲಿ ಕೂರಿಸುವುದು. ಅವಳು ಅಲ್ಲಿಂದ ಒಂದು ನುಡಿ ಹಾಡಿದರೆ ಕರೆವ್ವ ಇಲ್ಲಿಂದ ತಿರುಗಿ ಹಾಡಬೇಕು, ಎರಡು ಸಾಲಿನ ಹಳೆಯ ಪದ್ಧತಿಯಂತೆಯೇ. ಫೋನನ್ನು ಕಿವಿಯ ತೂತಿಗೆ ಹಿಡಿದರೆ ಉಪಯೋಗವಿಲ್ಲ, ಮೇಲೆ ಮಷಿನ್ನಿಗೆ ಹಿಡಿಯಬೇಕು. ಮೊದಲು ಪುಷ್ಪಾ ತೊಡೆ ತಟ್ಟಿ ತಾಳ ಕೇಳಿಸುತ್ತಿದ್ದಳು. ಆ ತಾಳ ಹಿಡಿದ ಮೇಲೆ “ಎರಿಯ ಹೊಲದಾಗ ತೆನಿಯೊಂದು ಬಾಗೇತ” ಎಂದು ಶುರು. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಪದ. ಹರಳಿನ ಸದ್ದಿನೊಳಗೂ ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂದು ಕರೆವ್ವನಿಗೆ ಗೊತ್ತು. ಒಂದು ಸಂಜೆ ತಾಳದ ಬೆನ್ನಿಗೆ ಬಿದ್ದು ರಾಗವೂ ಚೂರು ಬಂದಂತಾಯಿತು. ‘ಬಾಗೇತ’ ಎನ್ನುವಲ್ಲಿ ಮಗಳ ಧ್ವನಿ ಇಳಿದದ್ದು ಖರೇನೇ ಕೇಳಿತು! ಕರೆವ್ವ ಒಲೆಯ ಮುಂದೆ ಒಬ್ಬಳೇ ನಕ್ಕಳು. ಸಾರು ಉಕ್ಕಿ ಒಲೆ ಆರಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಗೊತ್ತಿದ್ದ ಪದ ತಿಳಿಯುವುದು ಬೇರೆ, ಗೊತ್ತಿಲ್ಲದ ಮಾತು ತಿಳಿಯುವುದು ಬೇರೆ. ಇದು ಕರೆವ್ವನಿಗೆ ತಿಳಿಯದ್ದೇನಲ್ಲ. ಆದರೆ ಮನುಷ್ಯರಿಗೆ ಸೊಕ್ಕು ಎಂಬುದೊಂದು ಇರುತ್ತದಲ್ಲ, ಅದು ಬುದ್ಧಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತದೆ.

ಅದು ಹೆಸರುಕಾಯಿ ಬಿಡಿಸುವ ಕಾಲ. ಅವರ ಮನೆ ಊರೊಳಗಿಲ್ಲ, ಶಿರೋಳದ ಕಡೆ ಕಾಲುವೆಯ ಬದಿಗೆ ಹೊಲದಲ್ಲೇ ಇದೆ. ಹಾಲಸಿದ್ದಪ್ಪ ಹಿಂದಿನ ದಿನ ಹೆಸರುಕಾಳು ಮಾರಲು ನರಗುಂದದ ಪೇಟೆಗೆ ಹೋದವನು ಮಳೆ ಹಿಡಿದು ಅಲ್ಲೇ ಉಳಿದಿದ್ದ. ಬೆಳಿಗ್ಗೆ ಮಳೆ ನಿಂತಿತ್ತು, ಆದರೆ ಎರೆ ಹೊಲದ ಕರಿಮಣ್ಣಿನ ದಾರಿ ಕಾಲಿಟ್ಟರೆ ಮೊಣಕಾಲಿನವರೆಗೆ ಹಿಡಿದುಕೊಳ್ಳುವಂತಾಗಿತ್ತು. ಹೊಲಗಳಲ್ಲಿ ಒಂದು ನರಪಿಳ್ಳೆ ಇಲ್ಲ. ಪುಷ್ಪಾ ಒಳಕೋಣೆಯಲ್ಲಿ ಮಲಗಿದ್ದಳು. ಅವಳ ಫೋನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಬಾರಿಸಿತು.

ಮಗಳನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ನಾನೇ ಎತ್ತಿ ಮಾತಾಡಿ, ಎದ್ದ ಮೇಲೆ ಇಂಥವರ ಫೋನ್ ಬಂದಿತ್ತು ಎಂದು ಹೇಳಿದರೆ ಮಗಳ ಮುಖ ಹೇಗಾದೀತು ಎಂಬ ಆಸೆ. ಕರೆವ್ವ ಎತ್ತಿ ಮಷಿನ್ನಿಗೆ ಹಿಡಿದಳು. “ಪುಷ್ಪಾವತಿ” ಎಂಬ ಹೆಸರು ಕೇಳಿತು. “ದವಾಖಾನಿ” ಎಂಬುದು ಕೇಳಿತು. ಆಮೇಲೆ ಬರೀ ಹರಳು, ಗಡಿಬಿಡಿಯಲ್ಲಿ ಸುರಿದ ಹರಳು. ನಡುವೆ ಎಲ್ಲೋ ಮಾತು ನಿಂತಿತು, ಎದುರಿನವರು ಹೂಂ ಎನ್ನಲಿ ಎಂದು ಕಾಯುವಂತೆ. ಕರೆವ್ವ “ಹೂಂ” ಎಂದಳು. ಮತ್ತೆ ಹರಳು, ಮತ್ತೆ ಹೂಂ. ಕೊನೆಗೆ “ಆತ್ರಿ” ಎಂದೂ ಅಂದಳು. ಫೋನು ಕಟ್ಟಾಯಿತು.

ಅದನ್ನು ಮಾಡದಲ್ಲಿಟ್ಟು ಒಲೆಯ ಮುಂದೆ ಬಂದಳು. ಮೂರು ದಿನದ ಹಿಂದೆ ನರಗುಂದದ ದವಾಖಾನೆಯಲ್ಲಿ ಮಗಳ ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟು ಬಂದದ್ದು ಆಗ ನೆನಪಾಯಿತು.

“ಯಾರ ಫೋನ್ ಬೇ ಅದು?” ಪುಷ್ಪಾ ಎದ್ದು ಬಂದು ಕೇಳಿದಳು.

“ಯಾರಿಲ್ಲ ತಗೋ. ಕಂಪನಿಯವ್ರು, ಕರೆನ್ಸಿ ಹಾಕಸ್ರಿ ಅಂತ.”

ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ. ಕಿವುಡಿ ಎನಿಸಿಕೊಳ್ಳುವ ಅಂಜಿಕೆ ಅಂಥದು. ಮಷಿನ್ ಹಾಕಿಸಿದ ಮೇಲೂ ‘ಕಿವುಡಿ ಕಿವುಡೀನ’ ಎಂದು ಓಣಿಯ ಬಾಯಲ್ಲಿ ಬಂದದ್ದನ್ನು ತುಟಿ ನೋಡಿಯೇ ತಿಳಿದುಕೊಂಡವಳು ಅವಳು. ಆದರೆ ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕೈಗೆ ಬಗ್ಗಲಿಲ್ಲ. ಅವರು ಏನು ಹೇಳಿದರು? ಅಷ್ಟು ಗಡಿಬಿಡಿಯಲ್ಲಿ ಯಾಕೆ ಹೇಳಿದರು? ಚಲೋ ಸುದ್ದಿ ಇದ್ದರೆ ಇಷ್ಟು ಮುಂಜಾನೆ ಯಾರು ಫೋನ್ ಮಾಡುತ್ತಾರೆ?

“ಯವ್ವಾ, ತಲಿ ಭಾಳ ಸಿಡ್ಯಾಕತ್ತೇತಿ,” ಎಂದಳು ಪುಷ್ಪಾ ಗೋಡೆಗೆ ಒರಗಿ.

ಕರೆವ್ವ ಅವಳ ಕಾಲು ನೋಡಿದಳು. ಕಾಲುಂಗುರ ಊತದೊಳಗೆ ಹೂತುಹೋಗಿತ್ತು. ಮುಖವೂ ಬಾತಿತ್ತು. ನಿನ್ನೆಯೂ ಹೀಗೇ ಇತ್ತೇ? ನಾನೇ ನೋಡಲಿಲ್ಲವೇ? ರೊಟ್ಟಿ ಹಂಚಿನ ಮೇಲೆ ಕರಕಲಾಗತೊಡಗಿತು.

“ಕಣ್ಣ ಮುಂದ ಮಬ್ಬ ಮಬ್ಬ ಆಗೇತಿ ಬೇ. ನಿನ್ನ ಮಾರಿ ಎರಡ ಕಾಣತೈತಿ.”

ಇನ್ನು ತಡೆಯಲಾಗಲಿಲ್ಲ. ಕರೆವ್ವ ಎದ್ದು ಬಂದು ಮಗಳ ಎರಡೂ ಕೈ ಹಿಡಿದಳು. “ನಾ ಸುಳ್ಳ ಹೇಳಿದ್ನೆವ್ವಾ. ದವಾಖಾನಿ ಫೋನ್ ಅದು. ನನಗೇನೂ ತಿಳೀಲಿಲ್ಲ. ಬರೇ ಹೂಂ ಹೂಂ ಅಂದೆ. ನೀನ ಹಚ್ಚಿ ಕೇಳ ನನ್ನವ್ವಾ.”

ಪುಷ್ಪಾ ಫೋನಿಗೆ ಕೈ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ಸೆಟೆಯಿತು. ಕಣ್ಣು ಮೇಲಕ್ಕೆ ಹೋದವು, ಹಲ್ಲು ಕಚ್ಚಿಕೊಂಡವು, ಬಾಯಲ್ಲಿ ನೊರೆ ಬಂತು. ಮೈಯೆಲ್ಲ ಹಿಂಡಿದಂತೆ ಅದುರಿತು. ಕರೆವ್ವ ಕೂಗಿದಳು, ಅವಳ ಕೂಗು ಅವಳಿಗೇ ತಗಡಿನ ಸದ್ದಾಗಿ ಕೇಳಿತು. ಬಾಗಿಲಿಗೆ ಓಡಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಕರಿ ಹೊಲ, ಹಸಿರು ಹೆಸರು, ಆಚೆ ಕಾಲುವೆಯ ದಂಡೆ. ಊರಿಗೆ ಓಡಿದರೆ ಮಗಳ ಹತ್ತಿರ ಯಾರು? ಶಿವನೇ, ಉಳಿದದ್ದು ಆ ಫೋನು ಒಂದೇ.

ಕೊನೆಗೆ ಬಂದ ನಂಬರನ್ನು ಒತ್ತಿದಳು. ಆಚೆ ಯಾರೋ ಎತ್ತಿದರು. ಹರಳು ಸುರಿಯತೊಡಗಿತು. ಆಮೇಲೆ ನಿಂತಿತು, ಹೂಂಗಾಗಿ.

ಕರೆವ್ವ ಹೂಂ ಎನ್ನಲಿಲ್ಲ. ಇಷ್ಟು ವರ್ಷ ಪರರ ಮುಂದೆ ಒಮ್ಮೆಯೂ ಆಡದ ಮಾತನ್ನು ಆಡಿದಳು.

“ಅವ್ವಾರ, ನಾ ಕಿವುಡಿ ಅದೀನ್ರಿ. ನೀವ್ ಏನ್ ಮಾತಾಡಿದ್ರೂ ತಿಳ್ಯಂಗಿಲ್ಲ. ಮುಂಜಾನೆ ಸುಳ್ಳ ಹೂಂ ಅಂದೀನ್ರಿ. ಕೈಮುಗೀತೀನಿ, ಮಾತಾಡಬ್ಯಾಡ್ರಿ. ಚಪ್ಪಾಳಿ ಹೊಡೀರಿ. ಹೌದಂದ್ರ ಎರಡು, ಇಲ್ಲಂದ್ರ ಒಂದು. ನಾ ಹೇಳೂದು ತಿಳೀತೇನ್ರಿ?”

ಸದ್ದಿಲ್ಲ. ಫೋನಿಟ್ಟುಬಿಟ್ಟರೇ? ಆಮೇಲೆ ಬಂತು: ಟಪ್, ಟಪ್. ಬೇವಿನ ಗಿಡದ ಕೆಳಗಿನಿಂದ ಬರುತ್ತಿದ್ದ ತಾಳದಷ್ಟೇ ಸ್ಪಷ್ಟವಾಗಿ.

“ನಾ ಪುಷ್ಪಾವತಿ ತಾಯಿ, ಚಿಕ್ಕನರಗುಂದ. ಆಕಿ ಸಲುವಾಗಿ ಫೋನ್ ಮಾಡಿದ್ರೇನ್ರಿ?” ಎರಡು.

“ಚಲೋ ಸುದ್ದಿ ಏನ್ರಿ?” ಒಂದು.

ಆ ಒಂದು ಚಪ್ಪಾಳೆ ಕರೆವ್ವನ ಎದೆಗೆ ಹೊಡೆಯಿತು. “ಈಗ ಆಕಿಗೆ ಝಟಕಿ ಬಂದಾವ್ರಿ. ಬಾಯಾಗ ನೊರಿ ಬಂದೈತಿ. ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡೀಲೇನ್ರಿ?” ಒಂದು. “ಕೈಯಾಗ ಕಬ್ಬಿಣ ಕೊಡ್ಲೇನ್ರಿ?” ಒಂದು. “ಬಾಯಾಗ ಚಮಚಾ ಇಡ್ಲೇನ್ರಿ?” ಒಂದು, ಜೋರಾಗಿ. ಹಿರಿಯರಿಂದ ಕಲಿತದ್ದೆಲ್ಲ ಮುಗಿಯಿತು. ಇನ್ನೇನು ಕೇಳುವುದು? ಕೇಳದೆ ಹೋದರೆ ಆಚೆಯವರು ಹೇಳುವಂತಿಲ್ಲ. “ಮಗ್ಗಲಾ ಮಲಗಿಸ್ಲೇನ್ರಿ?” ಎರಡು, ಕೂಡಲೇ ಮತ್ತೆ ಎರಡು. ಫೋನು ನೆಲಕ್ಕಿಟ್ಟು ಮಗಳನ್ನು ಎಡ ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ ಮತ್ತೆ ಎತ್ತಿಕೊಂಡಳು.

“ಗಾಡಿ ಕಳಸ್ತೀರೇನ್ರಿ? ಹೊಲದ ದಾರೀಲೆ ಬರಬ್ಯಾಡ್ರಿ, ಎರಿ ಕೆಸರ ಐತಿ, ಗಾಲಿ ಹುಗೀತಾವ. ಕಾಲವಿ ದಂಡಿ ಹಿಡದ ಬರ್ರಿ. ಬೇವಿನ ಗಿಡದ ಮನಿ. ಬರ್ತೀರೇನ್ರಿ?”

ಎರಡು. ಆಮೇಲೆ ಫೋನು ಸುಮ್ಮನಾಯಿತು.

ಗಾಡಿ ಬರುವವರೆಗಿನ ಹೊತ್ತು ಎಷ್ಟೋ ದೇವರಿಗೇ ಗೊತ್ತು. ಪುಷ್ಪಾ ಗೊರಕೆಯಂತೆ ಉಸಿರಾಡುತ್ತಿದ್ದಳು. ಕರೆವ್ವನಿಗೆ ಅದು ಕೇಳುತ್ತಲೂ ಇತ್ತು, ಕೇಳದಂತೆಯೂ ಇತ್ತು. ತನ್ನ ಕಿವಿಯನ್ನು ನಂಬದೆ ಅಂಗೈಯನ್ನು ಮಗಳ ಮೂಗಿಗೆ ಹಿಡಿದೇ ಕೂತಳು. ಹೊಟ್ಟೆಯ ಮೇಲೆ ಇನ್ನೊಂದು ಕೈ. ಒಳಗಿನ ಕೂಸು ಮಿಸುಕಲಿಲ್ಲ.

ಕಾಲುವೆಯ ದಂಡೆಯ ಮೇಲೆ ಗಾಡಿ ಬಂತು. ಇಳಿದವಳು ನರ್ಸಬಾಯಿ ನಿಲೋಫರ, ಚಪ್ಪಾಳೆ ಹೊಡೆದವಳು ಅವಳೇ. ಸೂಜಿ ಚುಚ್ಚಿ, ಪುಷ್ಪಾಳನ್ನು ಎತ್ತಿಸಿ, ಗಾಡಿ ಗದಗಿನ ದೊಡ್ಡ ದವಾಖಾನೆಯ ಕಡೆ ತಿರುಗಿದ ಮೇಲೆ ಅವಳು ಮೂಗುಬಾಯಿಗೆ ಕಟ್ಟಿದ ಮಾಸ್ಕನ್ನು ಕೆಳಗೆ ಸರಿಸಿದಳು. ಕರೆವ್ವನಿಗೆ ತುಟಿ ಕಾಣಲಿ ಎಂದು ನಿಧಾನವಾಗಿ ಹೇಳಿದಳು:

“ಬಿಪಿ ಏರೇತ್ರಿ ಅಮ್ಮಾರ, ಪರೀಕ್ಷೆದಾಗೂ ಕಂಡೇತಿ. ಈಗಿಂದೀಗ ಕರಕೊಂಡ ಬರ್ರಿ ಅಂತ ಹೇಳಿದ್ನಿ. ನೀವು ಹೂಂ ಅಂದ್ರಿ. ಬರ್ತಾರ, ಬರ್ತಾರ ಅಂತ ನಾ ಬಾಗಲಾ ನೋಡಕೋತ ಕುಂತಿದ್ನಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಕರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಕೂಸನ್ನು ಹೊರತೆಗೆಯಲು ಮಗಳನ್ನು ಒಳಗೆ ಒಯ್ದ ಮೇಲೆ ಕರೆವ್ವ ಆಪರೇಷನ್ ಕೋಣೆಯ ಬಾಗಿಲ ಮುಂದೆ ಬೆಂಚಿನ ಮೇಲೆ ಕೂತಿದ್ದಾಗ, ನಿಲೋಫರ ಗಾಡಿಯಿಂದಲೇ ಫೋನ್ ಮಾಡಿ ತಿಳಿಸಿದ್ದಕ್ಕೆ ಹಾಲಸಿದ್ದಪ್ಪ ಓಡಿಬಂದ. “ಏನಾತ?” ಎಂದ. ಕರೆವ್ವ ಏನನ್ನೂ ಮುಚ್ಚಲಿಲ್ಲ. “ಕೇಳದ ಹೂಂ ಅಂದೆ. ನನ್ನ ಮಗಳು ಹೋದ್ಲಂದ್ರ ನಾನ ಕೊಂದಂಗ,” ಎಂದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಪಕ್ಕದಲ್ಲಿ ಕೂತ. ಮಷಿನ್ನಿನ ಸೆಲ್ಲು ಮುಗಿಯುತ್ತ ಬಂದದ್ದಕ್ಕೆ ಕಿವಿಯಲ್ಲಿ ಕುಂಯ್ ಎಂದು ಸದ್ದಾಯಿತು. ಬದಲಿ ಸೆಲ್ಲು ಮನೆಯಲ್ಲೇ ಉಳಿದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಜಗತ್ತೇ ಮತ್ತೆ ಮೂಕವಾಗುತ್ತದೆ. ಮಗಳು ಇದ್ದಾಳೋ ಇಲ್ಲವೋ ಎಂಬ ಸುದ್ದಿ ಆಮೇಲೆ ಬಂದರೆ?

ಬಾಗಿಲು ತೆರೆಯಿತು. ಹಸಿರು ಬಟ್ಟೆಯ, ಬಾಯಿ ಮುಚ್ಚಿದ ಯಾರೋ ಒಬ್ಬರು ಬಂದು ಏನೋ ಹೇಳಿದರು. ತುಟಿ ಇಲ್ಲ, ಬರೀ ಹರಳು. ಹೇಳಿ ಮುಗಿಸಿ, ಹೂಂಗಾಗಿ ನಿಂತರು. ಕರೆವ್ವನ ನಾಲಿಗೆ ತುದಿಗೆ ಬಂದ ಹೂಂ ಅನ್ನು ಅವಳು ಕಚ್ಚಿ ಹಿಡಿದಳು.

“ತಿಳೀಲಿಲ್ರಿ. ನಾ ಕಿವುಡಿ ಅದೀನಿ,” ಎಂದಳು ಗಟ್ಟಿಯಾಗಿ, ಇಡೀ ಪಡಸಾಲೆ ತಿರುಗಿ ನೋಡುವಂತೆ.

ಅವರ ಹಿಂದಿನಿಂದ, ಪುಷ್ಪಾಳ ಜೊತೆ ಒಳಗೆ ಹೋಗಿದ್ದ ನಿಲೋಫರ ಹೊರಗೆ ಬಂದಳು. ಕರೆವ್ವ ಅವಳ ಕೈಗಳನ್ನೇ ನೋಡುತ್ತ ಎದ್ದು ನಿಂತಳು.

“ನನ್ನ ಮಗಳು ಅದಾಳೇನ್ರಿ?”

ಎರಡು ಚಪ್ಪಾಳೆ.

ಹಾಲಸಿದ್ದಪ್ಪ ಮುಖ ಮುಚ್ಚಿಕೊಂಡು ಅತ್ತ. ಎರಡನೆಯ ಪ್ರಶ್ನೆ, ಕೂಸಿನದು, ಕರೆವ್ವನ ಬಾಯಿಗೆ ಬರಲಿಲ್ಲ. ಒಂದೇ ಚಪ್ಪಾಳೆ ಬಂದರೆ ಎಂಬ ಭಯ. ನಿಲೋಫರ ಅವಳನ್ನು ನೋಡಿದಳು. ಅವಳು ಕೇಳುವವರೆಗೆ ಕಾಯಲಿಲ್ಲ. ಹಿಂದಕ್ಕೆ ಸರಿದು ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

ಒಳಗಿನಿಂದ ಒಂದು ಸದ್ದು ಬಂತು. ತೆಳ್ಳನೆಯ, ಹರಿತವಾದ, ತಗಡು ಗೀರಿದಂಥ ಸದ್ದು. ನಿಂತಿತು, ಉಸಿರೆಳೆದುಕೊಂಡಿತು, ಮತ್ತೆ ಎತ್ತಿಕೊಂಡಿತು. ಆಮೇಲೆ ಒಂದು ಕ್ಷಣ ಸುಮ್ಮನಾಯಿತು.

“ಹೂಂ,” ಎಂದಳು ಕರೆವ್ವ.