ಹಣ್ಣಿನ ಕೋಣೆಯಲ್ಲಿ ಕಾಕಾ

ಕಲಬುರಗಿಯ ಬಜಾರಿನಲ್ಲಿ ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಆ ಹಣ್ಣಿಗೆ ಹೆಸರಾದ, ಅಲ್ಲೇ ಹತ್ತಿರದ ಕಮಲಾಪುರ ನಮ್ಮೂರು; ಆದರೆ ನಾವು ಮೂಲತಃ ಅಲ್ಲಿಯವರಲ್ಲ. ಮುತ್ತಜ್ಜ ಎಲ್ಲಿಂದಲೋ ಬಂದು, ಅಲ್ಲಿಯ ಮಣ್ಣಿನಲ್ಲಿ ಬಾಳೆ ನೆಟ್ಟು, ಅಲ್ಲಿಯವನೇ ಆಗಿಬಿಟ್ಟವನು. ಮನೆಯ ಹಿಂದೆ ಕಿಟಕಿಯಿಲ್ಲದ ಸಣ್ಣ ಕೋಣೆಯೊಂದಿತ್ತು. ಕಾಯಿ ತುಂಬಿ, ಬಾಗಿಲ ಸಂದಿಗೆ ಸಗಣಿ ಮೆತ್ತಿ, ಕೆಳಗಿನ ಕಿಂಡಿಯಿಂದ ಬೆರಣಿ ಕುಳ್ಳಿನ ಹೊಗೆ ಬಿಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಆ ಕೆಲಸ ಆಯಿಯದು, ಅಂದರೆ ಅಪ್ಪನ ತಾಯಿಯದು. ಬೇರೆ ಯಾರು ಕೈ ಹಾಕಿದರೂ ಗದರುತ್ತಿದ್ದಳು. ಅವಳದು ಇನ್ನೊಂದು ಹಟ: ಹೊಸ್ತಿಲು ದಾಟಿ ಬಂದವರು ಯಾರೇ ಆಗಲಿ, ಉಣ್ಣದೆ ಹೋಗುವಂತಿರಲಿಲ್ಲ.

ಆಯಿಯ ಕಿರಿಮಗ, ನನ್ನ ಕಾಕಾ, ನಿಜಾಮನ ಆಳ್ವಿಕೆ ಹೋಗಬೇಕೆಂದು ಹೋರಾಡುವವರ ಜೊತೆ ಸೇರಿದ್ದ. ಕಲಬುರಗಿಯ ಬ್ರಹ್ಮಪುರದಿಂದ ಗುಟ್ಟಿನ ಕಾಗದ ತಂದು ನಮ್ಮ ಕಡೆಯ ಹಳ್ಳಿಗಳಿಗೆ ಮುಟ್ಟಿಸುತ್ತಿದ್ದ. ಒಂದು ಮಧ್ಯಾಹ್ನ, ಪೊಲೀಸರು ಊರ ಅಗಸಿಬಾಗಿಲಿಗೆ ಬಂದಿದ್ದಾರೆಂದು ಓಡಿಬಂದ. ಸಿಕ್ಕರೆ ಜೀವಂತ ತಿರುಗಿ ಬರುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಯಿ ಅವನನ್ನು ಹಣ್ಣಿನ ಕೋಣೆಗೆ ನೂಕಿ, ಬಾಗಿಲು ಮೆತ್ತಿ, ಕಿಂಡಿಗೆ ಹೊಗೆಯ ಗಡಿಗೆ ಇಟ್ಟಳು. ಸಗಣಿ ಕಲಸಿ ಕೊಟ್ಟವಳು ನಾನೇ.

ಪೊಲೀಸರ ಜಮಾದಾರ ತನ್ನವರೊಂದಿಗೆ ಮನೆಯೆಲ್ಲ ಜಾಲಾಡಿ ಆ ಬಾಗಿಲ ಮುಂದೆ ನಿಂತ. “ಇದರಾಗ ಏನ್ ಅದ?” ಎಂದ. “ಬಾಳಿಕಾಯಿ ಹಣ್ಣಿಗಿ ಹಾಕೀವ್ರೀ ಸಾಹೇಬ್ರ. ಬಾಗಿಲಾ ತೆಗದ್ರ ಎಲ್ಲಾ ಕೆಡ್ತಾವ,” ಎಂದಳು ಆಯಿ. ಸಂದಿಯಿಂದ ಸೋರುವ ಹೊಗೆ ನೋಡಿ, ಒಳಗೆ ಮನುಷ್ಯ ಇರಲಾರನೆಂದು ಅವನು ನಂಬಿದ, ಹೊರಟೂ ಬಿಟ್ಟಿದ್ದ. ಅಷ್ಟರಲ್ಲಿ ಹಳೆಯ ರೂಢಿ ಆಯಿಯ ಬಾಯಿಂದ ತಾನಾಗಿ ಜಾರಿತು: “ಊಟದ ಹೊತ್ತಿಗಿ ಬಂದೀರಿ, ಉಂಡು ಹೋಗ್ರೀ.” ಅವರು ಕೂತುಬಿಟ್ಟರು. ಆಯಿ ಬಿಸಿ ರೊಟ್ಟಿ ಬಡಿದಳು, ಪುಂಡಿಪಲ್ಯ ಬಡಿಸಿದಳು. ಅವರ ಕಣ್ಣೆದುರು ಗಡಿಗೆ ತೆಗೆಯುವಂತಿರಲಿಲ್ಲ. ಒಬ್ಬ ಇನ್ನೊಂದು ರೊಟ್ಟಿ ಕೇಳಿದ. ಆ ಊಟ ಮುಗಿಯುವುದೇ ಇಲ್ಲವೇನೋ ಎಂದು ನನಗೆ ಅಳು ಬಂತು.

ಅವರು ಹೋದ ಮೇಲೆ ಬಾಗಿಲು ತೆಗೆದೆವು. ಕಾಕಾ ಗೋಡೆಗೊರಗಿ ಕೂತಿದ್ದ, ಜೀವ ಹೋಗಿತ್ತು. ಕೆಮ್ಮು ಹೊರಗೆ ಕೇಳಬಾರದೆಂದು ರುಮಾಲನ್ನು ತಾನೇ ಬಾಯಿಗೆ ತುರುಕಿಕೊಂಡಿದ್ದ.

ಮುಂದೆ ನಿಜಾಮನ ರಾಜ್ಯ ಹೋಯಿತು. ಊರಲ್ಲಿ ಬಾವುಟ ಏರಿದ ದಿನ ಜನ ಕಾಕಾನ ಹೆಸರಿಗೆ ಜೈ ಎಂದು ಕೂಗಿದರು. ಆಯಿ ಮನೆ ಬಿಟ್ಟು ಬರಲಿಲ್ಲ. ಕರೆಯಲು ಹೋದ ನನಗೆ, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದಳು:

“ನೀ ಹೋಗವ್ವಾ. ಅವರು ಉಣ್ಣಾಕತ್ತಾಗ ಅವ ಒಳಗಿಂದ ಒಮ್ಮಿ ಬಾಗಿಲಾ ಬಡದ. ನನಗ ಕೇಳಿಸ್ತು. ಅವರಿಗಿ ಕೇಳಬಾರದಂತ ನಾ ರೊಟ್ಟಿ ಇನ್ನಷ್ಟು ಜೋರಿಲೆ ಬಡದೆ.”