ಹಳಿಯ ಮೇಲೆ ನಿಂತ ಅಕ್ಕ

ಅಕ್ಕನ ಗಿಡ್ಡ ಕಾಲುಗಳು ಕ್ಲಚ್ಚಿಗೆ ಎಟುಕುತ್ತಿರಲಿಲ್ಲ. ಬೆನ್ನ ಹಿಂದೆ ಕೌದಿ ಮಡಚಿಟ್ಟುಕೊಂಡು, ಸೀಟಿನ ಅಂಚಿಗೆ ಸರಿದು, ಸ್ಟಿಯರಿಂಗನ್ನು ತಬ್ಬಿಕೊಂಡಂತೆ ಕೂತು ಲಾರಿ ಓಡಿಸುತ್ತಿದ್ದಳು. ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಹೊಡೆದ ಕೈ. ಈಗ ಪರದೇಶದ ಪಾಪಕುರಾ ಎಂಬ ಊರಿನ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಆಕೆ ಮತ್ತು ಎಂಟು ವರ್ಷದ ಮಗಳು. ಇನ್ನೊಂದರಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು. ಒಡಹುಟ್ಟಿದವಳಲ್ಲ, ಕರೆದು ಕರೆದು ಅಕ್ಕನಾದವಳು. ಗಂಡ ಬಿಟ್ಟುಹೋಗಿದ್ದ. ವೀಸಾ ಮುಗಿಯುವುದರೊಳಗೆ ಆಕೆಗೊಂದು ಕಾಯಂ ಕೆಲಸ ಸಿಗಲೇಬೇಕಿತ್ತು.

ಅದೂ ರಾತ್ರಿಯ ಕೆಲಸ, ಊರೊಳಗಿನದೇ. ಮಗಳು ಮಲಗಿದ ಮೇಲೆ ಹೊರಟು, ಏಳುವ ಹೊತ್ತಿಗೆ ಮರಳಬೇಕು. ಲೈಸೆನ್ಸ್ ಹಿಡಿದು ಲಾರಿ ಕಂಪನಿಗಳ ಯಾರ್ಡಿನಿಂದ ಯಾರ್ಡಿಗೆ ಅಲೆದಳು. ದೂರದ ಓಟವಾದರೆ ಕೊಡುತ್ತೇವೆ ಎನ್ನುವವರೇ ಎಲ್ಲ.

"ಮೂರು ದಿನಾ ಹೊರಗಿದ್ರ ಇಕಿ ಜಡಿ ಯಾರ್ ಹೆಣೀತಾರೋ ತಮ್ಮಾ? ನಿನ್ನ ಎಂಬಿಎದಾಗ ಅದನ್ನೂ ಕಲಿಸ್ಯಾರೇನು?"

"ಮಮ್, ಐ ಕ್ಯಾನ್ ಡೂ ಎ ಪೋನಿಟೇಲ್," ಎನ್ನುತ್ತಿದ್ದಳು ಮಗಳು.

ಕೊನೆಗೆ ಒಬ್ಬ ಮ್ಯಾನೇಜರ್ ಒಂದು ರಾತ್ರಿಯ ಟ್ರಯಲ್ ಕೊಟ್ಟ. ಮಗಳನ್ನು ಮನೆಯೊಡತಿ ಆಂಟಿಯ ಬಳಿ ಮಲಗಿಸಿ ಹೊರಟೆವು. ಸರಕು ಇಳಿಸಲು ನಾನು. ಬಾಟನಿ ಡೌನ್ಸ್‌ನ ಅಂಗಡಿಗಳಿಗೆ ಹಾಲು, ಬ್ರೆಡ್ಡು ಮುಟ್ಟಿಸಿ ಮರಳುವಾಗ ಬೆಳಕಾಗಿತ್ತು. ಪಾಪಕುರಾ ಹತ್ತಿರ ಬಂದಾಗ ರೈಲ್ವೆ ಗೇಟಿನಲ್ಲಿ ವಾಹನಗಳ ಸಾಲು.

ನಮ್ಮ ಊರ ಕಡೆ ಗೇಟಿನಲ್ಲಿ ಮುಂದಿನ ಗಾಡಿಯ ಬಾಲಕ್ಕೆ ಮೂಗು ತಾಗಿಸಿಯೇ ನಿಲ್ಲುವುದು. ಚೂರು ಸಂದು ಬಿಟ್ಟರೆ ನಾಲ್ಕು ಬೈಕು ನುಗ್ಗುತ್ತವೆ. ಇಲ್ಲಿ ಹಳಿಯಾಚೆ ಜಾಗ ಖಾಲಿಯಾಗುವ ತನಕ ಈಚೆಯೇ ಕಾಯಬೇಕು. ಅಕ್ಕನಿಗೆ ಅದು ಗೊತ್ತಿತ್ತು. ಆದರೆ ಮಗಳ ಶಾಲೆಯ ಹೊತ್ತು ಹತ್ತಿರವಾಗುತ್ತಿತ್ತು. ಮುಂದಿನ ಪಿಕಪ್ ಗಾಡಿ, ಇಲ್ಲಿನವರ ಯೂಟ್, ಸರಿದದ್ದೇ ತಡ, ಹಳೆಯ ರೂಢಿಯಂತೆ ಅದರ ಬಾಲ ಹಿಡಿದಳು. ಯೂಟ್ ನಿಂತಿತು. ನಾವು ಹಳಿಯ ಮೇಲಿದ್ದೆವು. ಗೇಟಿನ ಗಂಟೆ ಬಡಿಯತೊಡಗಿತು.

"ಅಕ್ಕಾ, ಟ್ರೇನು!"

"ಇಳೀ ತಮ್ಮಾ."

"ನೀವೂ ಬನ್ನಿ!"

"ನಿಮ್ಮವ್ವನ ಆಣಿ ಐತಿ, ಇಳದು ಓಡು!"

ಇಳಿದು ಓಡಿದೆ. ತಿರುಗಿ ನೋಡಿದಾಗ ಲಾರಿಯ ಹಿಂದೆ ಗೇಟು ಬಿದ್ದಿತ್ತು. ಅಕ್ಕ ಸ್ಟಿಯರಿಂಗನ್ನು ಎಡಕ್ಕೆ ಎಳೆದು ಲಾರಿಯನ್ನು ಫುಟ್‌ಪಾತಿಗೆ ಹತ್ತಿಸಿದಳು. ಕಂಬಕ್ಕೆ ಬಡಿದು ಕನ್ನಡಿ ಸಿಡಿಯಿತು, ಪಕ್ಕದ ತಗಡು ಉದ್ದಕ್ಕೂ ಹರಿಯಿತು. ಹಿಂಬದಿ ಹಳಿ ಬಿಟ್ಟಿತೋ ಇಲ್ಲವೋ, ರೈಲು ಹಾದುಹೋಯಿತು. ಅದರ ಗಾಳಿ ಈಗಲೂ ನಿದ್ದೆಯಲ್ಲಿ ನನ್ನ ಅಂಗಿ ಎಳೆಯುತ್ತದೆ.

ಯಾರ್ಡಿನಲ್ಲಿ ಆಕೆ ಏನನ್ನೂ ಮುಚ್ಚಿಡಲಿಲ್ಲ. "ಮೈ ಮಿಸ್ಟೇಕ್. ನೋ ಸ್ಪೇಸ್, ಐ ವೆಂಟ್," ಎಂದಳು. ಮ್ಯಾನೇಜರ್ ಆಕೆಗೆ ಕುಡಿಯಲು ನೀರು ಕೊಟ್ಟ. ನಂತರ ಕೀಲಿಗಾಗಿ ಕೈ ಚಾಚಿದ. "ಸಾರಿ, ಮೇಟ್. ಕಾಂಟ್ ಡೂ ಇಟ್."

ಆಮೇಲೆ ಬೇರೆ ಕೆಲಸ ಸಿಗಲಿಲ್ಲ. ವೀಸಾ ಮುಗಿದು ತಾಯಿ ಮಗಳು ಅಣ್ಣಿಗೇರಿಗೆ ಮರಳಿದರು. ನಾನು ಉಳಿದೆ, ರೊಟೊಟೂನದಲ್ಲಿ ಮನೆಯೂ ಆಯಿತು. ಆದರೂ ದಿನಕ್ಕೊಮ್ಮೆಯಾದರೂ, ಕೀಲಿ ಕೊಟ್ಟು ಬಂದು ನಾವು ಕಾದಿದ್ದ ಆ ಬೆಳಗಿನ ಬಸ್ ಸ್ಟಾಪಿಗೆ ಮನಸ್ಸಿನಲ್ಲೇ ಹೋಗಿ ಆಕೆಯ ಪಕ್ಕ ಕೂರುತ್ತೇನೆ. ಅಂದು ಅಲ್ಲಿ ಕೂತು ಕೇಳಿದ್ದೆ.

"ನೀವ್ಯಾಕೆ ಇಳೀಲಿಲ್ಲ ಅಕ್ಕಾ?"

ಆಕೆ ನಾನು ಜೋಕು ಮಾಡುತ್ತಿದ್ದೇನೇನೋ ಎಂಬಂತೆ ನೋಡಿದಳು.

"ಲಾರಿ ಬಿಟ್ಟು ಇಳದಿದ್ರ ಕೆಲಸಾ ಕೊಡ್ತಿದ್ರೇನೋ ಹುಚ್ಚಾ?"