ಕಣ್ಣೊಳಗಿನ ಕಬ್ಬಿಣ

ಕೊಟ್ಟೂರಿನ ಅಬ್ದುಲ್ ವಹಾಬರದು ವೆಲ್ಡಿಂಗ್ ಅಂಗಡಿ. ಮಗಳು ಗುಲಫಶಾ ಚಿಕ್ಕವಳಿದ್ದಾಗ ಶಾಲೆ ಮುಗಿಸಿ ಬಂದು ಅಲ್ಲೇ ಕೂತು ಓದುತ್ತಿದ್ದಳು. ಗ್ರೈಂಡರ್ ಹಿಡಿದವರ ಕಣ್ಣಿಗೆ ಕಬ್ಬಿಣದ ಚೂರು ಸಿಡಿದರೆ ವಹಾಬರು ಹಳೇ ಸ್ಪೀಕರಿನ ಅಯಸ್ಕಾಂತವನ್ನು ರೆಪ್ಪೆಯ ಹತ್ತಿರ ಹಿಡಿಯುತ್ತಿದ್ದರು. ಚೂರು ಚಟ್ಟನೆ ಬಂದು ಅಂಟಿಕೊಳ್ಳುತ್ತಿತ್ತು. ನೋಡುತ್ತಿದ್ದ ಹುಡುಗಿಗೆ ಮೈ ಜುಮ್ಮೆನ್ನುತ್ತಿತ್ತು.

ಅವಳೀಗ ದಾವಣಗೆರೆಯಲ್ಲಿ ಓದಿ, ಹರಪನಹಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಶಿಯನ್. ಆ ಯಂತ್ರವೇ ಒಂದು ಭಾರಿ ಅಯಸ್ಕಾಂತ. ಸ್ಕ್ಯಾನ್ ನಡೆಯದಿದ್ದಾಗಲೂ ಅದರ ಸೆಳೆತ ನಿಲ್ಲುವುದಿಲ್ಲ. ಯಂತ್ರದ ಕೋಣೆಯ ಬಾಗಿಲು ದಾಟುವ ಮೊದಲು ಕೀಲಿ, ಬೆಲ್ಟು, ತಾಳಿಗೆ ಸಿಕ್ಕಿಸಿದ ಪಿನ್ನು ಎಲ್ಲವನ್ನೂ ತೆಗೆಸುವುದು ಅವಳ ಕೆಲಸ. ಕೂದಲಲ್ಲಿ ಒಂದು ಕ್ಲಿಪ್ಪು ಉಳಿದರೂ ಚಿತ್ರದಲ್ಲಿ ಅಷ್ಟು ಜಾಗ ಕಪ್ಪಾಗಿ ಕಲಸಿಹೋಗುತ್ತದೆ.

ಒಂದು ಬೆಳಗ್ಗೆ ತೆಲಿಗಿಯ ಪಾಲಣ್ಣ ಬೆನ್ನುನೋವೆಂದು ಹೆಂಡತಿ ನಾಗರತ್ನಳ ಜೊತೆ ಬಂದ.

“ಮೈಯಾಗ ರಾಡು, ಸ್ಕ್ರೂ ಏನಾರ ಹಾಕ್ಯಾರೇನ್ರಿ ಕಾಕಾ?”

“ಏನೂ ಇಲ್ಲವ್ವ. ಜಲ್ದಿ ಮುಗಿಸು.”

ಗುಲಫಶಾಳ ಕಣ್ಣು ಅವನ ಮುಂಗೈ ಮೇಲೆ ನಿಂತಿತು. ಅಪ್ಪನ ಕೈಯಲ್ಲಿರುವಂಥವೇ ಕಿಡಿ ಸುಟ್ಟ ಚುಕ್ಕೆಗಳು.

“ವೆಲ್ಡಿಂಗ್ ಕೆಲಸ ಏನ್ರಿ ನಿಮ್ದು? ಕಣ್ಣಾಗ ಯಾವಾಗರ ಚೂರು ಬಡಿದಿತ್ತಾ?”

“ಹೋದ ವರ್ಷ ಎಡಗಣ್ಣಿಗೆ ಜೋರು ಬಡೀತು. ಕೆಂಪಾಗಿತ್ತು, ಆಮ್ಯಾಲ ತಾನ ಕಡಿಮಿ ಆತು.”

“ಚೂರು ಹೊರಗ ಬಂದಿದ್ದು ನೋಡೀರಾ?”

“ಅದು ನೋಡಿಲ್ಲವ್ವ,” ಪಾಲಣ್ಣ ಎಡಗಣ್ಣು ಉಜ್ಜಿಕೊಂಡ. ಗುಲಫಶಾ ಬಾಗಿಲು ತೆರೆಯಲಿಲ್ಲ.

“ಬೆನ್ನು ತೋರಿಸಾಕ ಬಂದ್ರ ಈಕಿ ಕಣ್ಣಿನ ಮಾತು ತಗದಾಳ!” ಎಂದು ನಾಗರತ್ನ ರೇಗಿದಳು. ಕಾಯುತ್ತಿದ್ದವರೂ ಗೊಣಗತೊಡಗಿದರು. ಗುಲಫಶಾ ನೇರವಾಗಿ ಸೆಂಟರಿನ ಡಾಕ್ಟರ್ ಸುಮಲತಾ ಬಳಿ ಹೋಗಿ ವಿಷಯ ತಿಳಿಸಿದಳು. ಅವರು ಕೂಡಲೇ ಕಣ್ಣಿನ ಎಕ್ಸ್‌ರೇ ತೆಗೆಸಿದರು. ಎಡಗಣ್ಣಿನ ಗುಡ್ಡೆ ಇರುವಲ್ಲಿ ನುಚ್ಚಿನಷ್ಟು ಸಣ್ಣ ಬಿಳಿ ಚುಕ್ಕೆ ಎದ್ದು ಕಂಡಿತು.

“ನೋಡ್ರಿ ಕಾಕಾ, ಇದು ಕಬ್ಬಿಣ. ಇದನ್ನ ಇಟ್ಕೊಂಡು ನೀವು ಒಳಗ ಹೋಗಿದ್ರ ಯಂತ್ರ ಅದನ್ನ ಜಗ್ಗತಿತ್ತು. ಕಣ್ಣ ಹೋಗ್ತಿತ್ತು.”

ಪಾಲಣ್ಣ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ನಾಗರತ್ನ ಗುಲಫಶಾಳ ಎರಡೂ ಕೈ ಹಿಡಿದುಕೊಂಡಳು. ಬೆನ್ನಿಗೆ ಅಯಸ್ಕಾಂತವಿಲ್ಲದ ಸಿಟಿ ಸ್ಕ್ಯಾನ್ ಆಯಿತು. ದಾವಣಗೆರೆಯ ಕಣ್ಣಿನ ಡಾಕ್ಟರು ಆಪರೇಷನ್ ಮಾಡಿ ಚೂರು ತೆಗೆದರು. ದೃಷ್ಟಿ ಉಳಿಯಿತು.

ಗುಣವಾದ ಮೇಲೆ ಪಾಲಣ್ಣ ಕೊಟ್ಟೂರಿಗೆ ಬಂದು ವಹಾಬರ ಅಂಗಡಿ ಹುಡುಕಿದ. “ನಿಮ್ಮ ಮಗಳು ನನ್ನ ಕಣ್ಣು ಉಳಿಸ್ಯಾಳ್ರಿ” ಎಂದು ನಡೆದದ್ದನ್ನೆಲ್ಲ ಹೇಳಿದ. ಅಲ್ಲಿಯವರೆಗೆ ಮಗಳ ಕೆಲಸ ಕೇಳಿದವರಿಗೆ ವಹಾಬರು “ಒಳಗಿನ ಫೋಟೋ ತಗೀತಾಳ” ಎಂದಷ್ಟೇ ಹೇಳುತ್ತಿದ್ದರು. ಅವತ್ತು ಗ್ರೈಂಡರ್ ಆಫ್ ಮಾಡಿ, ಎಲ್ಲವನ್ನೂ ಮೊದಲಿಂದ ಇನ್ನೊಮ್ಮೆ ಹೇಳಿಸಿಕೊಂಡರು.

ಮುಂದಿನ ರಜಾ ದಿನ ಓಣಿಯ ವೆಲ್ಡಿಂಗಿನವರನ್ನೆಲ್ಲ ಅಂಗಡಿಗೆ ಕರೆದರು. ಕೆಲಸದಲ್ಲಿ ಕನ್ನಡಕ ಯಾಕೆ ಬೇಕು, ಚೂರು ಬಡಿದರೆ ಅಯಸ್ಕಾಂತ ಹಿಡಿಯದೆ ಯಾರ ಬಳಿ ಹೋಗಬೇಕು ಎಂದು ಗುಲಫಶಾ ಹೇಳತೊಡಗಿದಳು. ಹಿಂದೆ ಯಾರೋ “ಹುಡುಗಿ ನಮಗ ಕೆಲಸ ಕಲಿಸ್ತಾಳಂತ” ಎಂದು ಕಿಸಕ್ಕನೆ ನಕ್ಕರು.

“ನಗಬ್ಯಾಡ್ರಿ, ಸರಿಯಾಗಿ ಕೇಳ್ರಿ,” ವಹಾಬರು ಎದ್ದು ನಿಂತರು. “ಹೇಳಾಕತ್ತಾಕಿ ನನ್ನ ಮಗಳು.”